ಏಳನೆಯ ಅಧ್ಯಾಯದ ತಾಯಿ

ಝೀಲ್ಯಾಂಡ್, ಮಿಶಿಗನ್
೧೪ ಅಕ್ಟೋಬರ್ ೧೯೯೭

ಪ್ರೀತಿಯ ಮಗಳು ಆರ್ಡಿತ್‌ಗೆ,

ಅಮ್ಮನ ಆಶೀರ್ವಾದಗಳು. ಕರ್ತನ ದಯೆಯಿಂದ ನಾನಿಲ್ಲಿ ಕ್ಷೇಮ. ಎಡಗಾಲಿನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನೀನೂ ನಿನ್ನ ಮಗಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಅಪ್ಪ ತೀರಿಕೊಂಡಾಗ ಬರೆದ ಕಾಗದದ ನಂತರ ಇದೇ ಮೊದಲನೆಯದು. ನಾಲ್ಕು ವರ್ಷವಾಯಿತು. ಇಷ್ಟು ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕೆಲಸವಿತ್ತು ಅನ್ನೋಣವೆಂದರೆ ಅದು ಸುಳ್ಳು. ಬರೆಯಲು ಸುದ್ದಿ ಇರಲಿಲ್ಲ, ಅಷ್ಟೆ. ಒಬ್ಬಳೇ ಇರುವವಳ ಮನೆಯಲ್ಲಿ ಏನು ತಾನೇ ಸುದ್ದಿ ಹುಟ್ಟುತ್ತದೆ?

ಈಗ ಒಂದು ಸುದ್ದಿ ಇದೆ. ಅರವತ್ತೇಳನೆಯ ವಯಸ್ಸಿನಲ್ಲಿ ನಿನ್ನ ಅಮ್ಮ ಪಾಠಕ್ಕೆ ಸೇರಿದ್ದಾಳೆ. ನಗಬೇಡ. ಹೆಸ್ಟರ್ ವಿಯರ್ಸ್ಮಾಳ ನೆನಪಿದೆಯಾ? ನಮ್ಮ ಚರ್ಚಿನ ಸಭೆಯಲ್ಲಿ ಎಡಗಡೆಯ ಎರಡನೆಯ ಬೆಂಚು. ಟೋಪಿ ಇಲ್ಲದೆ ಆರಾಧನೆಗೆ ಬಂದು ಎಲ್ಲರ ಬಾಯಿಗೆ ಬಿದ್ದವಳು. ಆಕೆ ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಒಂದು ಪ್ರಕಾಶನದಲ್ಲಿ ಮೂವತ್ತು ವರ್ಷ ಕ್ರೈಸ್ತ ಕಾದಂಬರಿಗಳನ್ನು ತಿದ್ದಿ ಈಗ ನಿವೃತ್ತಳಾಗಿದ್ದಾಳೆ. ಆ ಬಗೆಯ ಪುಸ್ತಕಗಳಿಗೆ ಈಗ ಭಾರೀ ಬೇಡಿಕೆ. ಬರೆಯುವವರು ಬೇಕಾದಷ್ಟು, ತಿದ್ದುವವರು ಇಲ್ಲ. ಅದಕ್ಕೆ ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೋಮವಾರ ಬೆಳಗ್ಗೆ ಐದು ಜನ ಹೆಂಗಸರಿಗೆ ಪಾಠ ಹೇಳುತ್ತಿದ್ದಾಳೆ. ಐವರಲ್ಲಿ ನಾನೇ ಹಿರಿಯಳು, ಹೆಸ್ಟರಿಗಿಂತಲೂ ಎರಡು ವರ್ಷ ದೊಡ್ಡವಳು. ಅವಳ ಬಾಯಿಗೆ ಮಾತ್ರ ಅದರ ಲೆಕ್ಕವಿಲ್ಲ.

ನಾನು ಸೇರಿದ್ದೇ ಸ್ವಲ್ಪ ಜಂಬದಿಂದ. ಇಪ್ಪತ್ತೆಂಟು ವರ್ಷ ನಮ್ಮ ಸಭೆಯ ವಾರಪತ್ರಿಕೆಯ ಕರಡು ತಿದ್ದಿದವಳಲ್ಲವೇ? ಒಂದು ಅಲ್ಪವಿರಾಮ ತಪ್ಪಿ ಹೋದದ್ದಿಲ್ಲ. ಮೊದಲ ವಾರ ಹೆಸ್ಟರ್ ಒಂದು ಹಳೆಯ ಹಸ್ತಪ್ರತಿಯ ಮೂವತ್ತು ಪುಟ ಕೊಟ್ಟು ಮನೆಗೆ ಕಳಿಸಿದಳು. ನಾನು ಕೆಂಪು ಪೆನ್ಸಿಲ್ಲನ್ನು ಮೂರು ಸಲ ಹೆರೆದು, ಒಂದು ಸಾಲೂ ಬಿಡದೆ ತಿದ್ದಿ, ಬೀಗುತ್ತ ತಂದು ಅವಳ ಮುಂದಿಟ್ಟೆ. ಅವಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದಳು.

"ಏನೇ ತ್ರೇನಾ, ಏನಿದು? ಕೋಳಿ ಕೊಯ್ದ ಹಾಗೆ ಮಾಡಿಟ್ಟಿದ್ದೀಯಲ್ಲ."

"ತಪ್ಪುಗಳು ಕಣೇ. ಎಲ್ಲಾ ಹುಡುಕಿದ್ದೀನಿ."

"ಹುಡುಕಿದ್ದೀಯ, ಸರಿ. ಈ ಪಾದ್ರಿ ಐದನೇ ಪುಟದಲ್ಲಿ ಸತ್ತು ಇಪ್ಪತ್ತಾರನೇ ಪುಟದಲ್ಲಿ ಕಾಫಿ ಕುಡೀತಾನಲ್ಲ, ಅದು ಕಾಣಲಿಲ್ವಾ?"

ಕಂಡಿರಲಿಲ್ಲ. ಅವನು ಕಾಫಿ ಕುಡಿಯುವ ಸಾಲಿನಲ್ಲೂ ನಾನೊಂದು ಅಲ್ಪವಿರಾಮ ಸೇರಿಸಿದ್ದೆ. ಉಳಿದ ನಾಲ್ವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕೋಟನ್ನು ಕಳಚುವಾಗ ಅನ್ನಿಸಿತು, ಇನ್ನೊಬ್ಬರ ಜೊತೆ ನಗದೆ ಎಷ್ಟು ಕಾಲವಾಗಿತ್ತು ಎಂದು.

ಹೆಸ್ಟರ್ ಕಲಿಸುವುದು ಕಾಗುಣಿತ ತಿದ್ದುವುದನ್ನಲ್ಲ. ಕಥೆಯ ಹೂರಣ ತಿದ್ದುವುದನ್ನು. ಮೊದಲ ಸಲ ಓದುವಾಗ ಪೆನ್ಸಿಲ್ ಹತ್ತಿರವೂ ಇರಕೂಡದು, ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಓದಬೇಕು. ಕೊನೆಯ ಪುಟ ಮುಗಿದ ಮೇಲೆ ಪುಸ್ತಕ ಮುಚ್ಚಿ, ಒಬ್ಬೊಬ್ಬ ಪಾತ್ರದ ಬಗ್ಗೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಇವಳಿಗೆ ಏನು ಬೇಕು? ಉತ್ತರ ಸಿಗದಿದ್ದರೆ ಆ ಪಾತ್ರ ಇನ್ನೂ ಹುಟ್ಟಿಲ್ಲವೆಂದು ಅರ್ಥ. "ನಮ್ಮ ಪುಸ್ತಕಗಳ ರೋಗ ಏನು ಗೊತ್ತೇನ್ರೇ?" ಎಂದಳು ಹೆಸ್ಟರ್. "ಇವರಿಗೆಲ್ಲ ಒಳ್ಳೆಯವರಾಗಬೇಕು, ಅಷ್ಟೇ ಬೇಕು. ಹಾಗಿರೋ ಮನುಷ್ಯರನ್ನ ನಾನಂತೂ ನೋಡಿಲ್ಲ. ನಮ್ಮ ಬೆಂಚುಗಳಲ್ಲೂ ನೋಡಿಲ್ಲ."

ಆ ಪ್ರಶ್ನೆಯನ್ನು ಮನೆಯಲ್ಲೂ ಕೇಳಿಕೊಳ್ಳುವುದು ಅಭ್ಯಾಸವಾಗಿದೆ. ಶನಿವಾರ ಬಟಾಣಿ ಸೂಪು ಮಾಡಿದೆ, ಭಾನುವಾರಕ್ಕೂ ಆಗಲೆಂದು. ಕೈ ಹಳೆಯ ಅಳತೆಯನ್ನು ಮರೆತಿಲ್ಲ, ಮೂವರಿಗಾಗುವಷ್ಟು ಆಯಿತು. ಗುರುವಾರದವರೆಗೂ ಅದನ್ನೇ ಉಂಡೆ. ಸೌಟು ಹಿಡಿದುಕೊಂಡು ನಿಂತು, ಇವಳಿಗೆ ಏನು ಬೇಕು ಎಂದು ಕೇಳಿಕೊಂಡೆ. ಉತ್ತರ ಕಷ್ಟವಿರಲಿಲ್ಲ. ನಿನ್ನಿಂದ ಒಂದು ಕಾಗದ ಬೇಕು. ಎರಡೇ ಸಾಲಾದರೂ ಸರಿ.

೧೯೭೬ರಲ್ಲಿ ನೀನು ಬರೆದ ಕಾಗದ ನನಗೆ ಬಾಯಿಪಾಠ ಇದೆ. ಅಪ್ಪ ಇರುವ ಮನೆಗೆ ನಾನು ಕಾಲಿಡುವುದಿಲ್ಲ ಎಂದು ಬರೆದಿದ್ದೆ. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಅವರ ಮಣ್ಣಿಗೂ ನೀನು ಬರಲಿಲ್ಲ. ಈಗಲಾದರೂ ಬಾ ಎಂದು ಕರೆಯಲು ನನಗೆ ಬಾಯಿಲ್ಲ, ಏಕೆಂದು ನಿನಗೆ ಗೊತ್ತಿಲ್ಲ. ನನ್ನ ಅತ್ತಿಗೆ ಲವೋನ್ ಸ್ಪೋಕೇನ್‌ನ ಅಂಗಡಿಯೊಂದರಲ್ಲಿ ನಿನ್ನನ್ನು ಕಂಡಾಗ ಪಕ್ಕದಲ್ಲಿ ಉದ್ದನೆಯ ಹುಡುಗಿ ಇದ್ದಳಂತೆ. ಅದಾಗಿ ಎಂಟು ವರ್ಷ. ಅವಳ ಹೆಸರು ಕೇಳಲು ಲವೋನ್‌ಗೆ ಹೊಳೆಯಲಿಲ್ಲವಂತೆ. ನಾನು ಪ್ರಾರ್ಥನೆಯಲ್ಲಿ ‘ಆರ್ಡಿತ್‌ಳ ಮಗಳು’ ಎಂದೇ ಹೇಳುತ್ತೇನೆ. ದೇವರಿಗೆ ತಿಳಿಯುತ್ತದೆ, ಆದರೂ ಹೆಸರಿದ್ದರೆ ಚೆನ್ನಾಗಿತ್ತು.

ಹೊರಗೆ ಎಲೆ ಗುಡಿಸಬೇಕು, ಬೆಳಕಿರುವಾಗಲೇ ಮುಗಿಸುತ್ತೇನೆ. ಕರ್ತನು ನಿಮ್ಮಿಬ್ಬರನ್ನೂ ಕಾಪಾಡಲಿ.

ನಿನ್ನ ಅಮ್ಮ,
ತ್ರೇನಾ ಬೌಕಾಂಪ್

---

ಝೀಲ್ಯಾಂಡ್
೧೯ ಜನವರಿ ೧೯೯೮

ಪ್ರೀತಿಯ ಆರ್ಡಿತ್,

ಹೊಸ ವರ್ಷದ ಆಶೀರ್ವಾದಗಳು ತಡವಾಗಿ ಬರುತ್ತಿವೆ. ಹಿಂದಿನ ಕಾಗದಕ್ಕೆ ನಿನ್ನ ಉತ್ತರ ಬಂದ ಮೇಲೆ ಬರೆಯೋಣವೆಂದು ಕಾದೆ. ಬರಲಿಲ್ಲ. ಕಾಗದ ವಾಪಸೂ ಬರಲಿಲ್ಲ. ವಿಳಾಸ ಸರಿಯಿದೆ, ಯಾರೋ ಅದನ್ನು ಕೈಯಲ್ಲಿ ಹಿಡಿದಿದ್ದಾರೆ ಎಂದುಕೊಂಡು ಮತ್ತೆ ಕುಳಿತಿದ್ದೇನೆ.

ಇಲ್ಲಿ ಸರೋವರದ ಕಡೆಯಿಂದ ಹಿಮ ಒಂದೇ ಸಮನೆ ಸುರಿಯುತ್ತಿದೆ. ಮೂರು ದಿನದಿಂದ ಅಂಚೆಯವನನ್ನು ಬಿಟ್ಟರೆ ಬೇರೆ ಮನುಷ್ಯರ ಮುಖ ಕಂಡಿಲ್ಲ. ಅವನೂ ಕೈಯೆತ್ತಿ ಹೋಗಿಬಿಡುತ್ತಾನೆ. ಹೀಗಿದ್ದರೂ ನಮ್ಮ ಊಟದ ಮೇಜಿನ ಮೇಲೆ ಈಗ ಒಂದು ಇಡೀ ಊರೇ ಇದೆ. ಹೇಳುತ್ತೇನೆ ಕೇಳು.

ಕ್ರಿಸ್ಮಸ್ಸಿಗೆ ಮುಂಚೆ ಹೆಸ್ಟರ್ ನನಗೆ ನಿಜವಾದ ಹಸ್ತಪ್ರತಿ ಕೊಟ್ಟಳು. ಅಯೋವದಲ್ಲಿ ಹಂದಿ ಸಾಕುವ ಲೆರಾಯ್ ವಾನ್ ರೋಕೆಲ್ ಎಂಬಾತ ಬರೆದದ್ದು. ವಯಸ್ಸು ನಲವತ್ತೈದರ ಮೇಲೆ, ನಮ್ಮಂಥದೇ ಸಭೆಯವನು. ಚಿಕ್ಕ ಪ್ರಕಾಶನವೊಂದು ಪುಸ್ತಕ ಹಾಕಲು ಒಪ್ಪಿದೆ, ಹೂರಣ ತಿದ್ದಿದರೆ ಮಾತ್ರ. "ನೀನು ತಿದ್ದು, ನಾನು ಮೇಲಿಂದ ನೋಡ್ತೀನಿ, ಅವನ ಒಪ್ಪಿಗೆ ತಗೊಂಡಿದ್ದೀನಿ" ಎಂದಳು ಹೆಸ್ಟರ್. ಐವರಲ್ಲಿ ನನಗೇ ಏಕೆ ಕೊಟ್ಟೆ ಎಂದು ಕೇಳಿದೆ. "ನಿನಗೆ ಬೇರೆ ಕೆಲಸ ಇಲ್ವಲ್ಲ, ಅದಕ್ಕೆ" ಎಂದಳು. ಇನ್ನೊಬ್ಬರು ಅಂದಿದ್ದರೆ ಸಿಟ್ಟು ಬರುತ್ತಿತ್ತು.

ಮೇಜಿನ ಮೇಲೆ ಈಗ ಚೀಟಿಗಳು. ಒಂದೊಂದು ದೃಶ್ಯಕ್ಕೆ ಒಂದೊಂದು ಚೀಟಿ ಬರೆದು ಸಾಲಾಗಿ ಜೋಡಿಸಬೇಕು. ಯಾರ ಕಣ್ಣಿನಿಂದ ನೋಡುತ್ತಿದ್ದೇವೆ, ಏನಾಯಿತು, ಏಕಾಯಿತು ಎಂದು ಬರೆಯಬೇಕು. ಏಕೆ ಎನ್ನುವ ಜಾಗ ಖಾಲಿ ಉಳಿದರೆ ಅಲ್ಲಿ ಕಥೆಗೆ ತೂತು ಬಿದ್ದಿದೆ ಎಂದರ್ಥ. ನಾನು ಹನ್ನೊಂದು ತೂತು ಕಂಡುಹಿಡಿದೆ. ಊಟವನ್ನು ಈಗ ಅಡುಗೆಮನೆಯಲ್ಲಿ ನಿಂತೇ ಮಾಡುತ್ತೇನೆ, ಚೀಟಿ ಕದಲಬಾರದಲ್ಲ. ಎದುರಿಗೆ ಖಾಲಿ ಕುರ್ಚಿಗಳನ್ನು ನೋಡುತ್ತಾ ಉಣ್ಣುವುದಕ್ಕಿಂತ ಅದೇ ವಾಸಿ.

ಲೆರಾಯ್ ಬಲು ಒಳ್ಳೆಯ ಬರಹಗಾರ ಕಣೇ, ಅದು ಅವನಿಗೇ ಗೊತ್ತಿಲ್ಲ. ಹಂದಿಗಳು ಬಂದಾಗಲೆಲ್ಲ ಪುಟಗಳು ಉಸಿರಾಡುತ್ತವೆ. ಮನುಷ್ಯರು ಬಂದ ಕೂಡಲೇ ಎಲ್ಲರೂ ಪಾದ್ರಿಯಂತೆ ಪ್ರಸಂಗ ಮಾಡಲು ನಿಲ್ಲುತ್ತಾರೆ. ಹಾಲು ಕೊಡಲು ಬಂದವನು ಕೂಡ ಕೃಪೆಯ ಬಗ್ಗೆ ಒಂದೂವರೆ ಪುಟ ಮಾತಾಡುತ್ತಾನೆ. ಕೊನೆಯ ಅಧ್ಯಾಯದಲ್ಲಿ ಸುಂಟರಗಾಳಿ ಬಂದು ಕೊಟ್ಟಿಗೆ ಬೀಳುತ್ತದೆ, ಮಳೆಯಲ್ಲಿ ನೆನೆಯುತ್ತ ಎಲ್ಲರೂ ಎಲ್ಲರನ್ನೂ ಕ್ಷಮಿಸಿಬಿಡುತ್ತಾರೆ. ಅದಕ್ಕೆ ಹೆಸ್ಟರ್ ಅಂದದ್ದು: "ಇಪ್ಪತ್ತೊಂದು ಅಧ್ಯಾಯ ದೇವರನ್ನ ಬಾಗಿಲಲ್ಲಿ ನಿಲ್ಲಿಸಿ, ಕೊನೇಲಿ ನಲ್ಲಿ ರಿಪೇರಿಗೆ ಕರೆದ ಹಾಗೆ ಒಳಗೆ ಕರೀಬಾರದು ಅಂತ ಬರಿ ಅವನಿಗೆ. ಕ್ಷಮೆ ಬೇಕಾದ್ರೆ ಮೊದಲು ಯಾರು ಯಾರಿಗೆ ಏನು ಮಾಡಿದ್ರು ಅನ್ನೋದು ಗೊತ್ತಿರಬೇಕು. ಗಾಳಿಗೆ ಬಿದ್ದಿದ್ದು ಕೊಟ್ಟಿಗೆ ತಾನೇ, ಜಗಳ ಅಲ್ವಲ್ಲ?"

ಇನ್ನು ಆ ಕಥೆ ಏನೆಂದು ನಿನಗೆ ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೇಳುತ್ತೇನೆ. ಲೀನಾ ಎಂಬ ಹುಡುಗಿ. ಮದುವೆಯಾಗಿಲ್ಲ, ಬಸುರಿ. ಸುದ್ದಿ ಸಭೆಯ ಹಿರಿಯರಿಗೆ ಮುಟ್ಟುತ್ತದೆ. ಏಳನೆಯ ಅಧ್ಯಾಯದಲ್ಲಿ ಅವಳು ಭಾನುವಾರದ ಆರಾಧನೆಯಲ್ಲಿ ಇಡೀ ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳುತ್ತಾಳೆ.

ಓದುವಾಗ ಕೈಗಳು ತೊಡೆಯ ಕೆಳಗೇ ಇದ್ದವು. ಅಧ್ಯಾಯ ಮುಗಿದ ಮೇಲೂ ತೆಗೆಯಲಿಲ್ಲ, ಜೋಮು ಹಿಡಿದಿತ್ತು.

ಆ ಅಧ್ಯಾಯದಲ್ಲಿ ಲೀನಾಳ ತಾಯಿ ಇದ್ದಾಳೆ. ಅವಳಿಗೆ ಹೆಸರಿಲ್ಲ. ನಾಲ್ಕೇ ಸಾಲು. ಮೂರನೆಯ ಬೆಂಚಿನಲ್ಲಿ ಕುಳಿತಿದ್ದಾಳೆ, ತನ್ನ ಕೈಗವಸು ನೋಡಿಕೊಳ್ಳುತ್ತಾಳೆ, ಮಗಳ ಕಡೆ ತಲೆಯೆತ್ತುವುದಿಲ್ಲ. ಅಷ್ಟೆ. ನಾನು ಲೆರಾಯ್‌ಗೆ ಆರು ಪುಟದ ಪತ್ರ ಬರೆದೆ. ಹೆಸ್ಟರ್ ಕಲಿಸಿದ ಹಾಗೆ ಮೊದಲು ಚೆನ್ನಾಗಿರುವುದನ್ನು ಹೊಗಳಿ, ಆಮೇಲೆ ಒಂದೊಂದಾಗಿ ಪ್ರಶ್ನೆ ಕೇಳಿ. ಅಪ್ಪಣೆ ಕೊಡಬಾರದು, ಅವನ ವಾಕ್ಯವನ್ನು ನಮ್ಮ ವಾಕ್ಯವಾಗಿ ಬರೆಯಬಾರದು, ಕೇಳಬೇಕು ಮಾತ್ರ. ಈ ತಾಯಿಯ ವಿಷಯಕ್ಕೆ ಬಂದಾಗ ನನಗೆ ಆ ನಿಯಮವೆಲ್ಲ ಮರೆತುಹೋಯಿತು. ‘ಈ ತಾಯಿಯನ್ನು ಯಾರೂ ನಂಬುವುದಿಲ್ಲ. ಹೆತ್ತವಳು ಹೀಗೆ ಕಲ್ಲಿನ ಹಾಗೆ ಕೂರುವುದಿಲ್ಲ. ಒಂದೋ ಅವಳಿಗೆ ಕಾರಣ ಕೊಡಿ, ಇಲ್ಲವೇ ಎಬ್ಬಿಸಿ ನಿಲ್ಲಿಸಿ’ ಎಂದು ಬರೆದೆ. ಪೆನ್ನು ಅಷ್ಟು ಒತ್ತಿದ್ದೆ ಎಂದರೆ ಕೆಳಗಿನ ಹಾಳೆಯ ಮೇಲೂ ಅಕ್ಷರ ಮೂಡಿತ್ತು.

ಇದನ್ನು ಬರೆದವಳು ನಾನು, ಆರ್ಡಿತ್. ನಾನು.

ಹೆಸ್ಟರ್ ಪತ್ರ ಓದಿ, "ಚೆನ್ನಾಗಿ ಬರೆದಿದ್ದೀಯ, ಸ್ವಲ್ಪ ಖಾರ" ಎಂದಳು. ನಂತರ ಚೀಟಿಗಳ ಪಟ್ಟಿ ನೋಡುತ್ತಾ ಹುಬ್ಬೇರಿಸಿದಳು. "ಹನ್ನೊಂದು ತೂತು ಹಿಡಿದೋಳಿಗೆ ದೊಡ್ಡದೇ ಕಾಣಲಿಲ್ಲವೇನೇ? ಲೀನಾ ಬಸುರಿ ಅನ್ನೋದು ಹಿರಿಯರಿಗೆ ಹೇಗೆ ಗೊತ್ತಾಯ್ತು? ಆರನೇ ಅಧ್ಯಾಯದಲ್ಲಿ ಯಾರಿಗೂ ಗೊತ್ತಿಲ್ಲ, ಏಳನೇದರಲ್ಲಿ ಊರಿಗೆಲ್ಲಾ ಗೊತ್ತು. ಯಾರು ಹೇಳಿದ್ರು?"

ನಾನು ನೋಡಲಿಲ್ಲ ಎಂದೆ. ಕನ್ನಡಕ ಬದಲಾಯಿಸಬೇಕು ಎಂದೆ.

"ಪಾದ್ರಿ ಕಾಫಿ ಕುಡಿದ ಹಾಗಾಯ್ತು," ಎಂದು ನಕ್ಕು ಅವಳೇ ಪತ್ರದ ಕೆಳಗೆ ಆ ಪ್ರಶ್ನೆಯನ್ನು ಸೇರಿಸಿದಳು. ಪತ್ರ ಅಯೋವಕ್ಕೆ ಹೋಯಿತು. ಉತ್ತರಕ್ಕೆ ಕಾಯುತ್ತಿದ್ದೇನೆ. ಈಗ ಎರಡು ಕಡೆಯಿಂದ ಕಾಯುವಂತಾಯಿತು.

ಬೆಚ್ಚಗಿರು ಮಗಳೇ. ನಿನ್ನ ಮಗಳಿಗೂ ಹೇಳು.

ಅಮ್ಮ

---

ಝೀಲ್ಯಾಂಡ್
೨೨ ಮಾರ್ಚ್ ೧೯೯೮, ಭಾನುವಾರ

ಮುದ್ದಿನ ಆರ್ಡಿತ್,

ಆಶೀರ್ವಾದಗಳು. ಎರಡು ತಿಂಗಳು ಬರೆಯದೆ ಇದ್ದದ್ದಕ್ಕೆ ಕ್ಷಮಿಸು. ನಾಲ್ಕು ಸಲ ಶುರುಮಾಡಿ ಹರಿದೆ. ಬೆಳಗಿನ ಆರಾಧನೆ ಮುಗಿಸಿ ಬಂದಿದ್ದೇನೆ, ಸಂಜೆಯದಕ್ಕೆ ಇನ್ನೂ ಹೊತ್ತಿದೆ. ಭಾನುವಾರ ಹಸ್ತಪ್ರತಿ ಮುಟ್ಟುವಂತಿಲ್ಲ, ಮಕ್ಕಳಿಗೆ ಕಾಗದ ಬರೆಯಬಹುದು. ಇಲ್ಲಿ ಆ ನಿಯಮ ಇನ್ನೂ ಹಾಗೆಯೇ ಇದೆ. ಹಿಮ ಕರಗಿದೆ. ಅಪ್ಪನ ಗಾಜಿನಮನೆಯನ್ನು ಕೊಂಡವರು ಈ ವರ್ಷವೂ ಸಸಿ ಹಾಕಿದ್ದಾರೆ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಒಳಗೆ ಹಸಿರು ಕಾಣುತ್ತದೆ. ಬಾಗಿ ನಡೆಯುವ ಮನುಷ್ಯ ಮಾತ್ರ ಬೇರೆ.

ಲೆರಾಯ್ ಕಾಗದ ಬರೆಯಲಿಲ್ಲ. ಫೋನ್ ಮಾಡಿದ. ಮಧ್ಯಾಹ್ನ ಕಾಫಿಗೆ ನೀರಿಟ್ಟಿದ್ದೆ. ನಮ್ಮ ಮನೆಯ ಫೋನು ಬಡಿದುಕೊಳ್ಳುವುದೇ ಅಪರೂಪ, ಬೆಚ್ಚಿಬಿದ್ದೆ.

"ಬೌಕಾಂಪ್ ಅಮ್ಮನವರಾ? ನಾನು ಲೆರಾಯ್, ಹಂದಿಯವನು."

ದನಿ ಮೆತ್ತಗಿತ್ತು. ಹಿಂದೆ ಎಲ್ಲೋ ಹಂದಿಗಳ ಗದ್ದಲವೂ ಕೇಳುತ್ತಿತ್ತು. ಸುಂಟರಗಾಳಿ ತೆಗೆದುಬಿಟ್ಟೆ ಎಂದ. ಹಾಲಿನವನ ಬಾಯಿ ಮುಚ್ಚಿಸಿದೆ ಎಂದ. ನಾನು ಭೇಷ್ ಎಂದೆ.

"ಅಮ್ಮಾ, ಆ ತಾಯಿ ವಿಷಯ. ಕಾರಣ ಕೊಡಿ ಅಂತ ಬರ್ದಿದ್ದೀರಿ. ಕೊಡೋಣ ಅಂತಲೇ ಕೂತೆ. ಆಗ್ತಿಲ್ಲ. ಅದು ನಮ್ಮಮ್ಮ. ಲೀನಾ ನನ್ನ ಅಕ್ಕ. ಅವತ್ತು ಅಮ್ಮನ ಪಕ್ಕದಲ್ಲೇ ಕೂತಿದ್ದೆ ನಾನು. ಅಮ್ಮ ಯಾಕೆ ತಲೆ ಎತ್ತಲಿಲ್ಲ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳೋಕೆ ಧೈರ್ಯ ಬರೋ ಹೊತ್ತಿಗೆ ಆಕೆ ಹೋಗಿಬಿಟ್ಟಿದ್ರು. ನೀವು ತಾಯಿಯಾದವರು. ನೀವೇ ಹೇಳಿ, ಒಬ್ಬ ತಾಯಿ ಯಾಕೆ ಹಾಗೆ ಕೂರ್ತಾಳೆ?"

ನಾನು ಏನು ಹೇಳಿದೆ ಗೊತ್ತಾ? ಒಲೆಯ ಮೇಲೆ ನೀರು ಉಕ್ಕುತ್ತಿದೆ, ಆಮೇಲೆ ಮಾತಾಡುತ್ತೇನೆ ಎಂದು ಫೋನ್ ಇಟ್ಟೆ. ನೀರು ಉಕ್ಕುತ್ತಿರಲಿಲ್ಲ, ಇನ್ನೂ ಬಿಸಿಯೂ ಆಗಿರಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತೆ. ಮಂಡಿಯ ದೆಸೆಯಿಂದ ಏಳಲು ಬಹಳ ಹೊತ್ತಾಯಿತು.

ಮುಂದಿನ ಸೋಮವಾರ ಪಾಠ ಮುಗಿದ ಮೇಲೆ ಹೆಸ್ಟರಳನ್ನು ನಿಲ್ಲಿಸಿಕೊಂಡು, ಈ ಪುಸ್ತಕ ನನ್ನಿಂದ ಆಗುವುದಿಲ್ಲ, ಬೇರೆಯವರಿಗೆ ಕೊಡು ಎಂದೆ. ಅವಳು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನಾನು ಅವತ್ತು ಎಡಗಡೆ ಎರಡನೇ ಬೆಂಚಲ್ಲಿದ್ದೆ ತ್ರೇನಾ. ಆರ್ಡಿತ್ ನಿಂತಿದ್ದನ್ನ ನೋಡಿದ್ದೀನಿ. ನೀನು ಕೂತಿದ್ದನ್ನೂ ನೋಡಿದ್ದೀನಿ."

"ಹಾಗಿದ್ದೂ ನನಗೇ ಕೊಟ್ಟೆಯಾ ಇದನ್ನ?"

"ಗೊತ್ತಿದ್ದೇ ಕೊಟ್ಟೆ. ಆ ಹಂದಿಯವನಿಗೆ ಬೇಕಾದ ಉತ್ತರ ನಮ್ಮಲ್ಲಿ ಇನ್ಯಾರ ಹತ್ರ ಇದೆ? ನನ್ನ ಹತ್ರ ಇಲ್ಲ. ನಾನೂ ಅವತ್ತು ಸುಮ್ನೇ ಕೂತಿದ್ದೋಳೇ." ಕೊನೆಯ ಕುರ್ಚಿ ಇಟ್ಟು ಕೈ ಒರೆಸಿಕೊಂಡಳು. "ಸಿಟ್ಟು ಮಾಡ್ಕೊ ಬೇಕಾದ್ರೆ. ಆದ್ರೆ ಬರಿ."

ಸಿಟ್ಟು ಮಾಡಿಕೊಂಡೆ. ಎರಡು ಸೋಮವಾರ ಹೋಗಲಿಲ್ಲ. ಆ ಎರಡು ವಾರ ನಮ್ಮ ಮನೆಯಲ್ಲಿ ಒಂದು ಮಾತೂ ಹುಟ್ಟಲಿಲ್ಲ. ರೇಡಿಯೋ ಕೂಡ ಹಾಕಲಿಲ್ಲ. ಕೊನೆಗೆ ಮೇಜಿನ ಮುಂದೆ ಕುಳಿತು ಏಳನೆಯ ಅಧ್ಯಾಯದ ಚೀಟಿ ತೆಗೆದುಕೊಂಡೆ, ಲೆರಾಯ್‌ಗಾಗಿ ಬರೆಯತೊಡಗಿದೆ. ಅವನಿಗೆ ಕಳಿಸಿದ್ದನ್ನು ನಿನಗೂ ಹೇಳಬೇಕು, ಅದು ಮೊದಲು ನಿನಗೆ ಸೇರಬೇಕಾದದ್ದು.

೧೯೭೫ರ ನವೆಂಬರ್. ನೀನು ನೀಲಿ ಕೋಟು ಹಾಕಿದ್ದೆ, ಹೊಟ್ಟೆಯ ಮೇಲಿನ ಗುಂಡಿ ಹಾಕಲು ಆಗುತ್ತಿರಲಿಲ್ಲ. ಹುಡುಗ ಬೇರೆ ಸಭೆಯವನು, ಅವನನ್ನು ಯಾರೂ ನಿಲ್ಲಿಸಲಿಲ್ಲ. ಬರೆದು ತಂದದ್ದನ್ನು ಸಭಾಪಾಲಕರು ಓದಿದರು. ಪಶ್ಚಾತ್ತಾಪ ಪಡುತ್ತೀಯಾ ಎಂದು ಕೇಳಿದರು. ನೀನು ಹೌದು ಎಂದೆ. ನಿನ್ನ ದನಿ ಹಿಂದಿನ ಗೋಡೆಗೂ ಕೇಳಿಸಿತು, ಒಂದು ಚೂರೂ ನಡುಗಲಿಲ್ಲ. ಆಮೇಲೆ ನೀನು ನಮ್ಮ ಬೆಂಚಿನ ಕಡೆ ತಿರುಗಿ ನೋಡಿದೆ. ನೀನು ನೋಡಿದ್ದು ನನಗೆ ಗೊತ್ತು. ನಾನು ತಲೆ ಎತ್ತಿದ್ದರೆ ನೀನು ಬಂದು ನನ್ನ ಪಕ್ಕ ಕೂರುತ್ತಿದ್ದೆ. ನಾನು ಎತ್ತಲಿಲ್ಲ. ನೀನು ಪಕ್ಕದ ಬಾಗಿಲಿನಿಂದ ಹೊರಟುಹೋದೆ. ಅಪ್ಪ ಎದ್ದು ನಿನ್ನ ಹಿಂದೆ ಓಡಿದರು. ಆರಾಧನೆಯ ನಡುವೆ ಎದ್ದುಹೋದವರು ನಮ್ಮ ಸಭೆಯಲ್ಲಿ ಅವರೊಬ್ಬರೇ ಇರಬೇಕು. ರಸ್ತೆಯಲ್ಲಿ ನೀನು ಅವರಿಗೆ, "ನಿಮಗೊಬ್ಬರಿಗೇ ಹೇಳಿದ್ದೆ ಅಪ್ಪಾ, ನೀವು ಹೋಗಿ ಅವರಿಗೆ ಹೇಳಿಬಿಟ್ರಾ?" ಎಂದೆಯಂತೆ. ಅವರು ಏನೂ ಅನ್ನಲಿಲ್ಲವಂತೆ. ನೀನು ಬಸ್ಸು ಹತ್ತಿದೆ. ಅವರು ವಾಪಸು ಬಂದು ನನ್ನ ಪಕ್ಕ ಕುಳಿತು ಕೊನೆಯ ಕೀರ್ತನೆಯನ್ನು ಎಲ್ಲರ ಜೊತೆ ಹಾಡಿದರು.

ತಾಯಿ ಏಕೆ ತಲೆ ಎತ್ತಲಿಲ್ಲ ಎಂಬುದಕ್ಕೆ ಲೆರಾಯ್‌ಗೆ ನಾನು ಬರೆದದ್ದು ಇಷ್ಟೆ: ಜನ ಏನೆನ್ನುತ್ತಾರೋ ಎಂಬ ಹೆದರಿಕೆಗಲ್ಲ, ದೇವರ ಭಯಕ್ಕೂ ಅಲ್ಲ. ತಲೆ ಎತ್ತಿದರೆ ಮಗಳು ತನ್ನ ಮುಖ ಓದಿಬಿಡುತ್ತಾಳೆಂದು. ಅಷ್ಟನ್ನು ಅವನು ತೆಗೆದುಕೊಂಡು ಅಧ್ಯಾಯವನ್ನು ಹೊಸದಾಗಿ ಬರೆದ. ಮೊನ್ನೆ ಪುಟಗಳು ಬಂದವು. ತಾಯಿಗೆ ಈಗ ಹೆಸರಿದೆ. ಅವಳು ಈಗಲೂ ಕೈಗವಸನ್ನೇ ನೋಡುತ್ತಾಳೆ, ಆದರೆ ಓದುವವರಿಗೆ ಅವಳ ಎದೆಬಡಿತ ಕೇಳಿಸುತ್ತದೆ. ಹೆಸ್ಟರ್ ಓದಿ, ಕನ್ನಡಕ ತೆಗೆದು, "ಈಗ ಹುಟ್ಟಿದಳು" ಎಂದಳು. ನನ್ನ ಕೈ ಹಿಡಿದುಕೊಂಡಳು. ಮನುಷ್ಯರ ಕೈ ಎಷ್ಟು ಬಿಸಿಯಾಗಿರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು.

ಆದರೆ ಹಿರಿಯರಿಗೆ ಯಾರು ಹೇಳಿದರು ಎನ್ನುವುದಕ್ಕೆ ಅವನು ಇನ್ನೂ ಉತ್ತರ ಬರೆದಿಲ್ಲ. ‘ನಮಗೂ ತಿಳಿಯಲಿಲ್ಲ, ಪಕ್ಕದ ಮನೆಯವಳು ಹೇಳಿದಳೆಂದು ಬರೆಯಲೇ?’ ಎಂದು ಕೇಳಿದ್ದಾನೆ. ಪಕ್ಕದ ಮನೆಯವರ ತಲೆಗೆ ಕಟ್ಟುವುದು ಸುಲಭ.

ನೀನು ಬಾ ಎಂದು ಕರೆಯುತ್ತಿಲ್ಲ. ಕರೆಯುವ ಹಕ್ಕು ನನಗಿದೆಯೋ ಇಲ್ಲವೋ ಎಂಬುದನ್ನು ಕೆಳಗೆ ಬರೆದದ್ದನ್ನು ಓದಿ ನೀನೇ ನಿರ್ಧರಿಸು. ಎಲ್ಲಿದ್ದರೂ ಕರ್ತನು ನಿನ್ನ ಹೋಗುವಿಕೆಯನ್ನೂ ಬರುವಿಕೆಯನ್ನೂ ಕಾಯಲಿ. ನಿನ್ನ ಮಗಳು ನಿನಗೆ ಎಲ್ಲವನ್ನೂ ಹೇಳುವಂಥವಳಾಗಿರಲಿ. ಎಲ್ಲವನ್ನೂ.

ನಿನ್ನ ಅಮ್ಮ,
ತ್ರೇನಾ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹಿರಿಯರಿಗೆ ಹೇಳಿದ್ದು ಅಪ್ಪ ಅಲ್ಲ ಆರ್ಡಿತ್. ನಾನು. ನೀನು ಹೇಳಿದ್ದನ್ನು ಅಪ್ಪ ಒಂದೇ ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಮಾರನೆಯ ದಿನ ನನಗೆ ಹೇಳಿ, ಅವಳಾಗಿ ನಿನ್ನ ಹತ್ತಿರ ಬರುವವರೆಗೂ ಕಾದಿರು ಎಂದರು. ಆ ವಾರವೇ ಹಿರಿಯರ ವಾರ್ಷಿಕ ಮನೆಭೇಟಿ ಇತ್ತು. ಅಪ್ಪ ಗಾಜಿನಮನೆಯ ಬಾಯ್ಲರ್ ನೋಡಲು ಹೋಗಿ ತಡಮಾಡಿದರು. ಭೇಟಿಗೆ ಬಂದ ಹಿರಿಯರಲ್ಲೊಬ್ಬರಾದ ಹೂಕ್ಸೆಮಾ ಕಾಫಿ ಬಟ್ಟಲು ಹಿಡಿದುಕೊಂಡು, ಪ್ರತಿ ವರ್ಷ ಕೇಳುವುದನ್ನೇ ಕೇಳಿದರು: "ಸಹೋದರಿ, ಈ ಮನೇಲಿ ಎಲ್ಲಾ ಸರಿಯಾಗಿದೆಯಲ್ಲ?" ಹೌದು ಎನ್ನಬಹುದಿತ್ತು. ಎಲ್ಲರೂ ಹಾಗೇ ಅನ್ನುತ್ತಾರೆ. ಹಿರಿಯರ ಮುಂದೆ ಸುಳ್ಳು ಹೇಳಬಾರದೆಂದು ನಿಜ ಹೇಳಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಈ ತಾಯಿಗೆ ಏನು ಬೇಕಿತ್ತು ಎಂದು ಕೇಳಿಕೊಂಡರೆ ಉತ್ತರ ಒಂದೇ. ನೀನು ಅದನ್ನು ಅಪ್ಪನಿಗೆ ಹೇಳಿದೆ, ನನಗೆ ಹೇಳಲಿಲ್ಲ. ಆ ಹೊಟ್ಟೆಕಿಚ್ಚಿಗೆ ನಾನು ಹೇಳಿದೆ. ಅಪ್ಪ ಒಳಗೆ ಬರುವ ಹೊತ್ತಿಗೆ ಹೇಳಿ ಮುಗಿದಿತ್ತು. ಅವರು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ನೀನು ಬಸ್ಸು ಹತ್ತಿದ ದಿನ, "ನಾನೇ ಅಂದ್ಕೊಂಡಿದ್ದಾಳೆ, ಹಾಗೇ ಇರ್ಲಿ ಬಿಡು. ಅವಳಿಗೆ ತಿರುಗಿ ಬರೋಕೆ ತಾಯಿಯಾದ್ರೂ ಇರ್ಬೇಕು" ಎಂದರು. ಹದಿನೆಂಟು ವರ್ಷ ಹಾಗೆಯೇ ಇದ್ದರು. ನಾನು ಇರಲು ಬಿಟ್ಟೆ. ಅವರ ಮೇಲಿನ ಸಿಟ್ಟನ್ನು ಬಿಟ್ಟುಬಿಡು ಮಗಳೇ. ಅದು ನನಗೆ ಸೇರಬೇಕಾದದ್ದು.